ಅಗೆಯುವ ಮುನ್ನ ಊರನ್ನು ಕೇಳಬೇಕು

ಏಪ್ರಿಲ್ ತಿಂಗಳ ಒಂದು ಶನಿವಾರ, ಬೆಳಗಿನ ಎಂಟು ಗಂಟೆ. ಅಮೆರಿಕದ ಮ್ಯಾಸಚುಸೆಟ್ಸ್ ರಾಜ್ಯದ ಯಾವುದಾದರೂ ಸಣ್ಣ ಊರು, ಅಲ್ಲೊಂದು ಮನೆಯ ಹಿತ್ತಿಲು. ಗಂಬೂಟು ತೊಟ್ಟ ನಾಲ್ಕೈದು ಮಂದಿ ಹುಲ್ಲುಹಾಸು ದಾಟಿ, ಮರಗಳ ನಡುವಿನ ಇಳಿಜಾರಿಗೆ ಇಳಿಯುತ್ತಾರೆ. ಕೊಂಬೆಗಳಿಗೆ ಅಲ್ಲಲ್ಲಿ ಬಣ್ಣದ ಪ್ಲಾಸ್ಟಿಕ್ ಪಟ್ಟಿ ಕಟ್ಟಿದೆ, ಪಟ್ಟಿಗಳ ಮೇಲೆ ಸಂಖ್ಯೆ ಬರೆದಿದೆ. ಒಬ್ಬರ ಕೈಯಲ್ಲಿ ನಕ್ಷೆ, ಇನ್ನೊಬ್ಬರ ಕೈಯಲ್ಲಿ ನೆಲ ಕೊರೆಯುವ ಬೈರಿಗೆ. ಮನೆಯ ಯಜಮಾನರೂ ಜೊತೆಗಿದ್ದಾರೆ. ಮಗಳ ಸಂಸಾರ ಬಂದು ಉಳಿಯಲಿದೆ, ಹಿಂದುಗಡೆ ಎರಡು ಕೋಣೆ ಕಟ್ಟಿಸಬೇಕು. ಇಳಿಜಾರಿನ ಬುಡದಲ್ಲಿ ಮಳೆಗಾಲದ ಗದ್ದೆಯಂತೆ ನೀರು ಹೊಳೆಯುತ್ತಿದೆ. ತೊಡಕು ಇರುವುದು ಅಲ್ಲಿ.

ಬಂದವರಲ್ಲಿ ಒಬ್ಬರು ನಿವೃತ್ತ ಎಂಜಿನಿಯರ್ ಆಗಿರಬಹುದು, ಒಬ್ಬರು ಶಾಲೆಯಲ್ಲಿ ವಿಜ್ಞಾನ ಕಲಿಸುವವರು, ಇನ್ನೊಬ್ಬರು ಹಸು ಸಾಕಿದವರು, ಮತ್ತೊಬ್ಬರು ರಾತ್ರಿ ಪಾಳಿ ಮುಗಿಸಿ ನೇರ ಬಂದ ನರ್ಸ್. ಯಾರಿಗೂ ಸಂಬಳವಿಲ್ಲ. ಎಲ್ಲರೂ ಅದೇ ಊರಿನವರು, ಅಂಗಡಿಯಲ್ಲಿ, ಚರ್ಚಿನಲ್ಲಿ, ಮಕ್ಕಳ ಶಾಲೆಯ ಬಾಗಿಲಲ್ಲಿ ಈ ಯಜಮಾನರಿಗೆ ದಿನವೂ ಎದುರಾಗುವವರು. ಆದರೂ ಆ ಎರಡು ಕೋಣೆಗಳಿಗೆ ಹೂಂ ಅನ್ನಬೇಕೋ, ಬೇಡವೋ, ಹೂಂ ಅಂದರೆ ಯಾವ ಷರತ್ತಿನ ಮೇಲೆ ಎಂದು ತೀರ್ಮಾನಿಸುವ ಕಾನೂನಿನ ಅಧಿಕಾರ ಇವರ ಕೈಯಲ್ಲಿದೆ. ಊರಿನ ಸಂರಕ್ಷಣಾ ಆಯೋಗ, ಅಲ್ಲಿಯವರ ಮಾತಿನಲ್ಲಿ ‘ಕಾನ್‌ಕಾಮ್’, ಎಂದರೆ ಇವರೇ.

ಊರಿಗೊಂದು ಆಯೋಗ

ಮ್ಯಾಸಚುಸೆಟ್ಸ್‌ನಲ್ಲಿ ಊರು, ನಗರ ಎಲ್ಲ ಸೇರಿ 351 ಸ್ಥಳೀಯ ಆಡಳಿತಗಳಿವೆ. ಬಾಸ್ಟನ್‌ನಂಥ ಮಹಾನಗರಕ್ಕೂ ಸಾವಿರ ಜನರಿಲ್ಲದ ಬೆಟ್ಟದ ಊರಿಗೂ ಒಂದೊಂದು ಆಯೋಗ. ಮೂವರಿಂದ ಏಳು ಮಂದಿ ಸದಸ್ಯರು, ಮೂರು ವರ್ಷದ ಅವಧಿ. ಸಣ್ಣ ಊರುಗಳಲ್ಲಿ ಇವರನ್ನು ನೇಮಿಸುವುದು ಚುನಾಯಿತ ಆಡಳಿತ ಮಂಡಳಿ. ಸ್ವಲ್ಪ ಅನುಕೂಲವಿರುವ ಊರು ಸಂಬಳಕ್ಕೆ ಒಬ್ಬ ಏಜೆಂಟನ್ನು ಇಟ್ಟುಕೊಳ್ಳುತ್ತದೆ. ಉಳಿದೆಡೆ ಕಡತ ಬರೆಯುವುದು, ದೂರು ಬಂದಾಗ ಓಡುವುದು ಎಲ್ಲ ಸದಸ್ಯರದೇ ಕೆಲಸ.

ಇದಕ್ಕೆ ದಾರಿ ಮಾಡಿದ್ದು 1957ರ ಒಂದು ಕಾನೂನು. ಅದರ ಹಿಂದಿದ್ದದ್ದು ಇಪ್ಸ್‌ವಿಚ್ ಎಂಬ ಕರಾವಳಿ ಊರಿನ ಒತ್ತಾಸೆ. ಸಮುದ್ರದ ಉಬ್ಬರ ನುಗ್ಗುವ ಉಪ್ಪುಜೌಗು, ಅದರ ಕೆಸರಲ್ಲಿ ಸಿಗುವ ಚಿಪ್ಪು ಮೀನು ಆ ಊರಿನ ಬದುಕಿನ ಭಾಗ. ಎರಡನೇ ಮಹಾಯುದ್ಧ ಮುಗಿದು ಮನೆ ಕಟ್ಟುವ ಭರಾಟೆ ಶುರುವಾದಾಗ ಇಂಥ ನೆಲವನ್ನು ನೋಡಿಕೊಳ್ಳಲು ಊರಿಗೊಂದು ಸಂಸ್ಥೆ ಬೇಕೆನಿಸಿತು. ಮೊದಲು ಆಯೋಗಗಳಿಗೆ ಇದ್ದದ್ದು ಪಟ್ಟಿ ಮಾಡುವ, ಯೋಜಿಸುವ, ನೆಲ ಪಡೆದು ಕಾಯುವ ಕೆಲಸ ಮಾತ್ರ. ಕರಾವಳಿ ಜೌಗಿಗೆ 1963ರಲ್ಲಿ, ಒಳನಾಡಿನ ಜೌಗಿಗೆ 1965ರಲ್ಲಿ ರಕ್ಷಣೆಯ ಕಾನೂನು ಬಂತು. 1972ರಲ್ಲಿ ಎರಡನ್ನೂ ಕೂಡಿಸಿ ಜೌಗು ಸಂರಕ್ಷಣಾ ಕಾಯ್ದೆ ಮಾಡಿದರು, ಅದನ್ನು ಜಾರಿ ಮಾಡುವ ಹೊಣೆಯನ್ನು ಊರಿನ ಈ ಸ್ವಯಂಸೇವಕರಿಗೆ ಕೊಟ್ಟರು. ನನಗೆ ಇಡೀ ಕಥೆಯ ತಿರುವು ಇದು. ರಾಜಧಾನಿಯ ಇಲಾಖೆಯೊಂದು ತಾನೇ ಇಟ್ಟುಕೊಳ್ಳಬಹುದಾಗಿದ್ದ ಅಧಿಕಾರವನ್ನು ಊರಿಗೆ ಬಿಟ್ಟುಕೊಟ್ಟಿತು.

ಪಕ್ಕದ ರಾಜ್ಯಗಳೂ ಇದೇ ಜಾಡು ಹಿಡಿದವು. ಕನೆಕ್ಟಿಕಟ್ 1961ರಲ್ಲಿ, ನ್ಯೂ ಹ್ಯಾಂಪ್‌ಶೈರ್ 1963ರಲ್ಲಿ ಆಯೋಗಗಳಿಗೆ ಅವಕಾಶ ಕೊಟ್ಟವು. ಆದರೆ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಆಯೋಗ ಸಲಹೆ ಕೊಡುತ್ತದೆ, ಜೌಗಿನ ಪರವಾನಗಿ ಕೊಡುವುದು ರಾಜ್ಯದ ಇಲಾಖೆ.

ನದಿಗೆ ಅಣೆಕಟ್ಟು ಬೇಡ, ಜೌಗು ಸಾಕು

ಜೌಗನ್ನು ಇಷ್ಟು ಜತನ ಮಾಡುವುದೇಕೆ ಎನ್ನುವವರಿಗೆ ಬಾಸ್ಟನ್ನಿನ ಚಾರ್ಲ್ಸ್ ನದಿಯ ಕಥೆ ಹೇಳಬೇಕು. 1955ರ ಆಗಸ್ಟ್‌ನಲ್ಲಿ ಡಯಾನ್ ಚಂಡಮಾರುತ ತಂದ ಮಳೆಗೆ ಆ ನದಿ ಉಕ್ಕಿತು. ಪ್ರವಾಹ ತಡೆಯುವ ದಾರಿ ಹುಡುಕಲು ಸೇನೆಯ ಎಂಜಿನಿಯರುಗಳ ದಳಕ್ಕೆ ಕೆಲಸ ಬಂತು. ಕಾಂಕ್ರೀಟ್ ಹಾಕುವುದಕ್ಕೇ ಹೆಸರಾದ ದಳ ಅದು. ಅವರು ನದಿಯನ್ನು ಅಳೆದು ನೋಡಿದಾಗ ಕಂಡದ್ದು ಇಷ್ಟು: ನಗರದೊಳಗೆ, ಕಲ್ಲು ಡಾಂಬರಿನ ನೆಲದ ಮೇಲೆ ಬಿದ್ದ ಮಳೆ ಕೆಲವೇ ಗಂಟೆಗಳಲ್ಲಿ ನದಿಗೆ ನುಗ್ಗುತ್ತದೆ, ಮೇಲಿನ ಕಣಿವೆಯಲ್ಲಿ ಬಿದ್ದದ್ದು ಜೌಗುಗಳಲ್ಲಿ ಹರಡಿ ನಿಂತು, ದಿನಗಟ್ಟಲೆ ಸಾವಕಾಶವಾಗಿ ಇಳಿಯುತ್ತದೆ. ಆ ಜೌಗುಗಳನ್ನು ಮುಚ್ಚಿದರೆ ಮೇಲಿನ ನೀರೂ ಕೆಳಗಿನಷ್ಟೇ ವೇಗದಲ್ಲಿ ಬರುವುದು ಖಚಿತ.

1972ರಲ್ಲಿ ಅವರು ಕೊಟ್ಟ ಸಲಹೆ, ಮೇಲ್ಕಣಿವೆಗೆ ಹೊಸ ಅಣೆಕಟ್ಟು ಬೇಡ, ಜೌಗುಗಳನ್ನು ಕೊಂಡು ಹಾಗೆಯೇ ಬಿಡಿ ಎಂದು. 1974ರಲ್ಲಿ ಅಮೆರಿಕದ ಸಂಸತ್ತು ಒಪ್ಪಿತು. ಮುಂದಿನ ವರ್ಷಗಳಲ್ಲಿ ಸುಮಾರು 8,100 ಎಕರೆ ಜೌಗು ಸರ್ಕಾರದ ಕೈಸೇರಿತು ಅಥವಾ ಕಟ್ಟುವಂತಿಲ್ಲ ಎಂಬ ಕರಾರಿಗೆ ಒಳಪಟ್ಟಿತು. ಒಂದು ಎಕರೆಯಲ್ಲಿ ಒಂದು ಅಡಿ ನೀರು ನಿಂತರೆ ಹನ್ನೆರಡು ಲಕ್ಷ ಲೀಟರ್ ದಾಟುತ್ತದೆ. ಅಷ್ಟೂ ಎಕರೆಗೆ ಲೆಕ್ಕ ಹಾಕಿದರೆ ನಮ್ಮ ಜಲಾಶಯಗಳ ಅಳತೆಯಲ್ಲಿ ಟಿಎಂಸಿಯ ಮೂರನೇ ಒಂದು ಪಾಲಿಗಿಂತ ಹೆಚ್ಚು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ದೋಣಿ, ಟ್ರ್ಯಾಕ್ಟರುಗಳಲ್ಲಿ ಜನರನ್ನು ಸಾಗಿಸಿದ್ದನ್ನು ಕಂಡವರಿಗೆ ಈ ಲೆಕ್ಕದ ತೂಕ ಬೇರೆ ವಿವರಿಸಬೇಕಿಲ್ಲ.

ಇಂಥ ದೊಡ್ಡ ಖರೀದಿ ಎಲ್ಲೆಡೆ ಆಗದು. ಜೌಗು ಹೋಗುವುದು ಒಮ್ಮೆಲೇ ಅಲ್ಲ. ಒಂದು ಶೆಡ್ಡು, ಒಂದು ವಾಹನದ ದಾರಿ, ನಾಲ್ಕು ಲೋಡು ಮಣ್ಣು ಎಂದು ಚೂರುಚೂರಾಗಿ ಹೋಗುತ್ತದೆ. ಆ ಚೂರುಗಳನ್ನು ಒಂದೊಂದಾಗಿ ನಿಂತು ನೋಡಲು ಊರಿನಲ್ಲೇ ಇರುವವರು ಬೇಕಾದರು.

ನೂರು ಅಡಿಯ ಗೆರೆ

ಜೌಗು ಕಾಯ್ದೆಯ ವ್ಯವಸ್ಥೆ ಸರಳ. ಜೌಗಿನಲ್ಲಿ, ಹಳ್ಳದ ದಡದಲ್ಲಿ, ಅಥವಾ ಅದರ ಅಂಚಿನಿಂದ 100 ಅಡಿಯೊಳಗೆ ಅಗೆಯುವ, ತುಂಬುವ, ಮರ ಕಡಿಯುವ, ಕಟ್ಟುವ ಕೆಲಸವಿದ್ದರೆ ಮೊದಲು ಆಯೋಗಕ್ಕೆ ಅರ್ಜಿ ಕೊಡಬೇಕು. ವರ್ಷವಿಡೀ ಹರಿಯುವ ಹೊಳೆಯಾದರೆ ಸಾಮಾನ್ಯವಾಗಿ 200 ಅಡಿ. ಅದು 1996ರ ನದಿ ಕಾಯ್ದೆ ಸೇರಿಸಿದ್ದು. ಗೆರೆಯೊಳಗೆ ಕಟ್ಟಲೇಬಾರದು ಎಂದು ರಾಜ್ಯದ ಕಾಯ್ದೆ ಹೇಳುವುದಿಲ್ಲ. ಕಟ್ಟುವ ಮೊದಲು ಕೇಳಬೇಕು ಎನ್ನುತ್ತದೆ. ಇನ್ನೂ ಬಿಗಿ ಬೇಕೆಂದ ಅನೇಕ ಊರುಗಳು ತಮ್ಮದೇ ಉಪನಿಯಮ ಮಾಡಿಕೊಂಡು, ಅಂಚಿನ 25 ಅಥವಾ 50 ಅಡಿಯನ್ನು ಮುಟ್ಟಲೇಬಾರದು ಎಂದಿವೆ.

ಅರ್ಜಿ ಬಂದ 21 ದಿನದೊಳಗೆ ಬಹಿರಂಗ ವಿಚಾರಣೆ ಶುರುವಾಗಬೇಕು. ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು, 100 ಅಡಿಯೊಳಗಿನ ನೆರೆಹೊರೆಗೆ ಅರ್ಜಿದಾರರೇ ತಿಳಿವಳಿಕೆ ಪತ್ರ ಕಳಿಸಬೇಕು. ವಿಚಾರಣೆ ಮುಗಿದ ಮೇಲೆ ಇನ್ನು 21 ದಿನದೊಳಗೆ ಲಿಖಿತ ಆದೇಶ. ಒಪ್ಪದವರು ಹತ್ತು ಕೆಲಸದ ದಿನಗಳೊಳಗೆ ರಾಜ್ಯದ ಪರಿಸರ ಇಲಾಖೆಗೆ ಮೇಲ್ಮನವಿ ಕೊಡಬಹುದು. ಅರ್ಜಿದಾರರು, ಪಕ್ಕದ ಜಮೀನಿನವರು ಮಾತ್ರವಲ್ಲ, ಊರಿನ ಯಾರಾದರೂ ಹತ್ತು ಮಂದಿ ಒಟ್ಟಾಗಿ ಸಹಿ ಹಾಕಿದರೂ ಮೇಲ್ಮನವಿ ನಡೆಯುತ್ತದೆ. ಆ ಹತ್ತು ಮಂದಿಗೆ ವಕೀಲರು ಬೇಕಿಲ್ಲ, ತಮಗೆ ಏನು ನಷ್ಟ ಎಂದು ತೋರಿಸಬೇಕಿಲ್ಲ. ಕಾನೂನು ಊರಿನವರನ್ನು ಹೀಗೆ ನಂಬುವುದು ಅಪರೂಪ.

ಮಣ್ಣು ಮರೆಯುವುದಿಲ್ಲ

ಜೌಗಿನ ಅಂಚು ಎಲ್ಲಿದೆ ಎಂಬುದೇ ಬಹಳ ಸಲ ಜಗಳದ ಬೇರು. ನೀರು ಕಂಡಲ್ಲಿ ಜೌಗು ಎನ್ನುವಂತಿಲ್ಲ. ಆಗಸ್ಟ್ ತಿಂಗಳಲ್ಲಿ ಅದೇ ಜಾಗ ಒಣಗಿ, ಚಪ್ಪಲಿಯಲ್ಲಿ ನಡೆಯುವಂತಿರುತ್ತದೆ. ಹಾಗಾಗಿ ಮೊದಲು ಗಿಡಗಳನ್ನು ನೋಡುತ್ತಾರೆ. ಕೆಂಪು ಮೇಪಲ್, ನೀರುಪಾಚಿಯ ಮೆತ್ತೆ, ಹಸಿ ನೆಲದ ಜರೀಗಿಡ, ಹಿಮದ ನಡುವೆ ತನ್ನ ಮೈಕಾವಿನಿಂದಲೇ ದಾರಿ ಮಾಡಿಕೊಂಡು ಅರಳುವ ‘ಸ್ಕಂಕ್ ಕ್ಯಾಬೇಜ್’ — ಇಂಥ ನೀರುಪ್ರೀತಿಯ ಸಸ್ಯಗಳು ಅರ್ಧ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಜೌಗಿನ ಲಕ್ಷಣ.

ಗಿಡ ಕಡಿದುಹಾಕಿದ್ದರೆ? ಆಗ ಬೈರಿಗೆ ನೆಲಕ್ಕಿಳಿಯುತ್ತದೆ. ತಿಂಗಳುಗಟ್ಟಲೆ ನೀರು ನಿಂತ ಮಣ್ಣಿನೊಳಗೆ ಗಾಳಿಯಾಡದು. ಅಲ್ಲಿನ ಸೂಕ್ಷ್ಮಜೀವಿಗಳು ಆಮ್ಲಜನಕವಿಲ್ಲದೆ ಕಬ್ಬಿಣದ ಅಂಶವನ್ನು ಬಳಸಿಕೊಳ್ಳುತ್ತವೆ. ಮಣ್ಣಿಗೆ ಕಂದು, ಕೆಂಪು ಬಣ್ಣ ಕೊಡುವ ಕಬ್ಬಿಣ ಕರಗಿ ಸರಿದುಹೋಗುತ್ತದೆ, ಮಣ್ಣು ಬೂದಿಬಣ್ಣಕ್ಕೆ ತಿರುಗುತ್ತದೆ. ಬೇರಿನ ಸಂದಿನಲ್ಲಿ ಗಾಳಿ ಹೊಕ್ಕ ಕಡೆ ಮಾತ್ರ ತುಕ್ಕಿನ ಕಲೆ. ಬೈರಿಗೆಯಲ್ಲಿ ಮೇಲೆ ಬಂದ ಮಣ್ಣನ್ನು ಬಣ್ಣದ ಪಟ್ಟಿಕೆಯ ಪಕ್ಕ ಹಿಡಿದು ನೋಡಿದರೆ, ಬರಗಾಲದಲ್ಲೂ, ಮೇಲೆ ಹೊಸ ಮಣ್ಣು ಸುರಿದು ಹುಲ್ಲು ಬೆಳೆಸಿದ್ದರೂ, ಅಡಿಯಲ್ಲಿ ನೀರು ನಿಲ್ಲುತ್ತಿತ್ತೆಂಬುದು ಗೊತ್ತಾಗುತ್ತದೆ. ಸದಸ್ಯರಾಗಿ ಬಂದ ಅಕೌಂಟೆಂಟು, ಬಡಗಿ, ಗೃಹಿಣಿಯರೆಲ್ಲ ಒಂದೆರಡು ವರ್ಷದಲ್ಲಿ ಈ ಓದನ್ನು ಕಲಿತುಬಿಡುತ್ತಾರೆ. 1961ರಿಂದ ಇರುವ ಅವರ ರಾಜ್ಯ ಒಕ್ಕೂಟವೇ ತರಬೇತಿ ಕೊಡುತ್ತದೆ.

ಇನ್ನೊಂದು ಬಗೆಯ ನೀರು ವಸಂತದಲ್ಲಷ್ಟೇ ಕಾಣುವ ಕಾಡುಹೊಂಡ. ಬೇಸಿಗೆಗೆ ಬತ್ತುವುದರಿಂದ ಅದರಲ್ಲಿ ಮೀನಿಲ್ಲ. ಮೊಟ್ಟೆ ತಿನ್ನುವ ಮೀನಿಲ್ಲದ ಕಾರಣಕ್ಕೇ ಹಳದಿ ಚುಕ್ಕೆಯ, ಹಲ್ಲಿಯಂಥ ಸಲಮಾಂಡರ್, ಚಳಿಗಾಲವಿಡೀ ಅರೆಬರೆ ಹೆಪ್ಪುಗಟ್ಟಿ ಬದುಕುವ ಕಾಡುಕಪ್ಪೆ ಅಲ್ಲಿಗೇ ಬರುತ್ತವೆ. ಚಳಿ ಹಿಮ್ಮೆಟ್ಟಿ ಮೊದಲ ಬೆಚ್ಚನೆಯ ಮಳೆ ಬಿದ್ದ ರಾತ್ರಿ ಅವು ಕಾಡಿನಿಂದ ಹೊಂಡಕ್ಕೆ ಹೊರಡುತ್ತವೆ. ರಸ್ತೆ ಅಡ್ಡ ಬಂದ ಕಡೆ ಊರಿನವರು ಟಾರ್ಚು ಹಿಡಿದು, ಅಂಗೈಯಲ್ಲಿ ಎತ್ತಿ ದಾಟಿಸುತ್ತಾರೆ. ಆಮ್‌ಹರ್ಸ್ಟ್ ಊರಿನ ಹೆನ್ರಿ ಸ್ಟ್ರೀಟ್‌ನಲ್ಲಿ 1987ರಲ್ಲೇ ಅವುಗಳಿಗಾಗಿ ರಸ್ತೆಯಡಿ ಸುರಂಗ ಮಾಡಿದರು. ಹೊಂಡದಲ್ಲಿ ಮೊಟ್ಟೆ ಕಂಡದ್ದಕ್ಕೆ ಫೋಟೋ, ನಕ್ಷೆ ಕೊಟ್ಟು ಯಾರು ಬೇಕಾದರೂ ಅದನ್ನು ರಾಜ್ಯದ ಪಟ್ಟಿಗೆ ಸೇರಿಸಲು ಅರ್ಜಿ ಹಾಕಬಹುದು. ಶಾಲಾಮಕ್ಕಳೂ ಮಾಡುವ ಕೆಲಸ ಇದು.

ನೆರೆಯವರಿಗೆ ಬೇಡ ಎನ್ನುವುದು

ಸಂಜೆಯ ವಿಚಾರಣೆಗೆ ಹೋದವರಿಗೆ ಗೊತ್ತಾಗುವ ಮೊದಲ ಸಂಗತಿ, ಆಯೋಗ ಕೇಳಿಸಿಕೊಳ್ಳುವಂತಿಲ್ಲದ ಮಾತುಗಳೇ ಹೆಚ್ಚು ಎಂಬುದು. ಕಾಯ್ದೆ ಕಾಪಾಡುವ ಹಿತಗಳು ಎಂಟು: ಸಾರ್ವಜನಿಕ ಮತ್ತು ಖಾಸಗಿ ಕುಡಿಯುವ ನೀರು, ಅಂತರ್ಜಲ, ಪ್ರವಾಹ ತಡೆ, ಬಿರುಗಾಳಿಯ ಹಾನಿ ತಡೆ, ಮಾಲಿನ್ಯ ತಡೆ, ಚಿಪ್ಪುಜೀವಿಗಳ ನೆಲೆ, ಮೀನುಗಾರಿಕೆ, ವನ್ಯಜೀವಿಗಳ ಆವಾಸ. ಹೊಸ ಮನೆ ನನ್ನ ಕಿಟಕಿಯ ನೋಟಕ್ಕೆ ಅಡ್ಡ ಬರುತ್ತದೆ, ವಾಹನ ಹೆಚ್ಚುತ್ತದೆ, ಶಾಲೆ ತುಂಬಿಹೋಗುತ್ತದೆ ಎಂದು ಪಕ್ಕದವರು ಎಷ್ಟೇ ಮರುಗಿದರೂ ಅದು ಈ ಪಟ್ಟಿಯಲ್ಲಿಲ್ಲ. ಅಧ್ಯಕ್ಷರು ಸಭೆಯಿಂದ ಸಭೆಗೆ ಅದನ್ನೇ ಹೇಳಬೇಕಾಗುತ್ತದೆ.

ಸದಸ್ಯರ ಮೇಲೂ ಕಟ್ಟು ಬಿಗಿಯಾಗಿದೆ. ಸಭೆಯನ್ನು 48 ಗಂಟೆ ಮೊದಲೇ ಸಾರಬೇಕು. ಅರ್ಜಿಯ ಬಗ್ಗೆ ಬಹುಮತದ ಸದಸ್ಯರು ಇಮೇಲಿನಲ್ಲಿ ತಮ್ಮತಮ್ಮಲ್ಲೇ ಚರ್ಚಿಸುವಂತಿಲ್ಲ. ತಮ್ಮ ಆಸ್ತಿ ಪಕ್ಕದಲ್ಲಿದ್ದರೆ, ಹಣದ ಸಂಬಂಧವಿದ್ದರೆ ಎದ್ದು ಹೊರಗೆ ಕೂರಬೇಕು. ಪೂರ್ತಿ ನಿರಾಕರಣೆ ಕಡಿಮೆ. ಹೆಚ್ಚಿನವು ಮಾತುಕತೆಯಲ್ಲಿ ಬದಲಾಗುತ್ತವೆ: ಕೋಣೆಯನ್ನು ಹದಿನೈದು ಅಡಿ ಹಿಂದೆ ಸರಿಸಿ, ಚಾವಣಿಯ ನೀರು ನೆಲದಲ್ಲಿ ಇಂಗಲಿ, ಕೆಲಸ ಮುಗಿಯುವವರೆಗೆ ಹೂಳು ತಡೆಯುವ ಬಟ್ಟೆಬೇಲಿ ಇರಲಿ, ಕಡಿದ ಮರಕ್ಕೆ ಬದಲು ಸ್ಥಳೀಯ ಗಿಡ ನೆಡಿ. ಹೀಗಿದ್ದರೂ, ನಲವತ್ತು ವರ್ಷದ ಪರಿಚಯದವರ ಮುಖ ನೋಡಿ ‘ಆಗುವುದಿಲ್ಲ’ ಎನ್ನಬೇಕಾದ ಗಳಿಗೆ ಬರುತ್ತದೆ. ದೂರದ ಅಧಿಕಾರಿಗೆ ಆ ಸಂಕಟವಿಲ್ಲ. ನೆರೆಯವರಿಗೆ ಇದೆ, ಮತ್ತು ಅದಕ್ಕಾಗಿಯೇ ಅವರು ಕಾರಣವನ್ನು ಜಾಗರೂಕತೆಯಿಂದ ಬರೆಯುತ್ತಾರೆ ಎಂದು ನಾನು ನಂಬುತ್ತೇನೆ.

ಆದೇಶ ಕಡತದಲ್ಲಿ ಮಲಗುವುದಿಲ್ಲ. ಅದನ್ನು ಆಸ್ತಿ ನೋಂದಣಿ ಕಚೇರಿಯಲ್ಲಿ ದಾಖಲಿಸಿದ ಮೇಲೆಯೇ ಕೆಲಸ ಶುರುವಾಗಬೇಕು. ಮುಗಿದ ಮೇಲೆ ಆಯೋಗ ಬಂದು ನೋಡಿ, ಷರತ್ತು ಪಾಲನೆಯಾಗಿದೆ ಎಂಬ ಪ್ರಮಾಣಪತ್ರ ಕೊಡಬೇಕು, ಅದೂ ದಾಖಲಾಗಬೇಕು. ಇಲ್ಲವಾದರೆ ನಮ್ಮ ಇಸಿಯಲ್ಲಿ ತೀರದ ಸಾಲ ಕಂಡ ಹಾಗೆ ಆ ಆಸ್ತಿಯ ಮೇಲೆ ತೊಡಕು ಉಳಿಯುತ್ತದೆ. ಬಾಸ್ಟನ್ ಸುತ್ತಲಿನ ಊರುಗಳಲ್ಲಿ ಮನೆ ಕೊಳ್ಳುವ ಕನ್ನಡಿಗ ಕುಟುಂಬಗಳು ಈ ಒಂದು ಕಾಗದವನ್ನು ಮೊದಲೇ ಕೇಳುವುದು ಒಳ್ಳೆಯದು. ಹಿಂದಿನ ಮಾಲೀಕರ ಮುಗಿಯದ ಷರತ್ತು ಹೊಸಬರ ಹೆಗಲಿಗೇ ಬರುತ್ತದೆ.

ಬೀವರ್ ಕಟ್ಟಿದ ಒಡ್ಡು

ಅರ್ಜಿ ಹಾಕದೆ ಕಟ್ಟುವ ಒಂದು ಪ್ರಾಣಿಯೂ ಇದೆ, ಬೀವರ್. ಚರ್ಮದ ವ್ಯಾಪಾರ ಮತ್ತು ಕಾಡುನಾಶದಿಂದ ಬೀವರ್‌ಗಳು ಈ ರಾಜ್ಯದಿಂದ ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೇ ಅಳಿದಿದ್ದವು. 1928ರಲ್ಲಿ ಪಶ್ಚಿಮದ ವೆಸ್ಟ್ ಸ್ಟಾಕ್‌ಬ್ರಿಜ್‌ನಲ್ಲಿ ಮತ್ತೆ ಕಂಡವು. 1996ರಲ್ಲಿ ಜನಮತಗಣನೆಯ ಮೂಲಕ ಹಲವು ಬಗೆಯ ಬೋನುಗಳು ನಿಷೇಧವಾದ ಮೇಲೆ ಅವುಗಳ ಸಂಖ್ಯೆ ಏರಿತು. ಹಳ್ಳಕ್ಕೆ ಅಡ್ಡ ಕೊಂಬೆ, ಕೆಸರು ಒಟ್ಟಿ ರಾತ್ರೋರಾತ್ರಿ ಕೆರೆ ಮಾಡುತ್ತವೆ. ಅದು ಹಕ್ಕಿ, ಮೀನು, ಅಂತರ್ಜಲಕ್ಕೆಲ್ಲ ವರ, ಆದರೆ ಪಕ್ಕದ ಮನೆಯ ಬಾವಿಗೂ ನೆಲಮಾಳಿಗೆಗೂ ಕಂಟಕ. ಒಡ್ಡು ಒಡೆಯಬೇಕಾದರೂ ಆಯೋಗದ ಅನುಮತಿ ಬೇಕು. ಎಷ್ಟೋ ಕಡೆ ಒಡ್ಡಿನೊಳಗೆ ಪೈಪು ತೂರಿಸಿ ನೀರಿನ ಮಟ್ಟವನ್ನಷ್ಟೇ ತಗ್ಗಿಸುವ ಉಪಾಯ ಮಾಡಿಸುತ್ತಾರೆ. ಪ್ರಾಣಿಯೂ ಉಳಿಯುತ್ತದೆ, ಬಾವಿಯೂ ಉಳಿಯುತ್ತದೆ.

ಕೊಂಡು ಕಾಯುವ ನೆಲ

ಕಾನ್‌ಕಾರ್ಡ್ ಊರಿನ ಲೇಖಕ ಹೆನ್ರಿ ಡೇವಿಡ್ ಥೋರೋ 1859ರಷ್ಟು ಹಿಂದೆಯೇ ದಿನಚರಿಯಲ್ಲಿ ಬರೆದಿದ್ದ: ಪ್ರತಿ ಊರಿಗೂ ಐನೂರು, ಸಾವಿರ ಎಕರೆಯ ಕಾಡು ಇರಬೇಕು, ಅದು ಎಲ್ಲರದೂ ಆಗಿರಬೇಕು ಎಂದು. ಆಯೋಗಗಳು ಅವನ ಆ ಆಸೆಯನ್ನು ತುಂಡುತುಂಡಾಗಿ ನಡೆಸುತ್ತಿವೆ. ಮಕ್ಕಳಿಲ್ಲದ ರೈತ ದಾನ ಕೊಟ್ಟ ಹುಲ್ಲುಗಾವಲು, ಊರಸಭೆಯಲ್ಲಿ ಕೈಯೆತ್ತಿ ಹಣ ಮಂಜೂರು ಮಾಡಿ ಕೊಂಡ ಕಾಡು — ಇವುಗಳ ಉಸ್ತುವಾರಿ ಆಯೋಗದ್ದು. ಕಾಲುದಾರಿ ಸವರುವುದು, ಬಿದ್ದ ಮರ ಎತ್ತುವುದು, ಫಲಕ ನೆಡುವುದು ಎಲ್ಲ ಇದರಲ್ಲಿ ಬಂತು.

ಕೃಷಿ ಅಥವಾ ಕಾಡಿನ ಜಮೀನೆಂದು ತೆರಿಗೆ ರಿಯಾಯಿತಿ ಪಡೆದವರು ಅದನ್ನು ಮನೆ ಕಟ್ಟುವವರಿಗೆ ಮಾರಹೊರಟರೆ, ಅದೇ ಬೆಲೆಗೆ ಕೊಳ್ಳುವ ಮೊದಲ ಹಕ್ಕು ಊರಿನದು. ಅದಕ್ಕೆ ಗಡುವು 120 ದಿನ. ಆ ನಾಲ್ಕು ತಿಂಗಳು ಆಯೋಗದವರಿಗೆ ನಿದ್ದೆಯಿಲ್ಲ: ಹಣ ಹೊಂದಿಸಬೇಕು, ಊರಸಭೆ ಕರೆಸಬೇಕು, ಮನೆಮನೆಗೆ ಹೋಗಿ ಒಪ್ಪಿಸಬೇಕು. 2000ದಲ್ಲಿ ಬಂದ ಕಾನೂನಿನಂತೆ ಊರಿನ ಜನ ಮತ ಹಾಕಿ ತಮ್ಮ ಆಸ್ತಿ ತೆರಿಗೆಯ ಮೇಲೆ ಶೇ 3ರವರೆಗೆ ಹೆಚ್ಚುವರಿ ಹೇರಿಕೊಳ್ಳಬಹುದು. ಆ ಹಣ ಬಯಲು ನೆಲ, ಹಳೆಯ ಕಟ್ಟಡ, ಕೈಗೆಟಕುವ ಮನೆಗಳಂಥ ಕೆಲಸಕ್ಕೆ. ರಾಜ್ಯದ ಅರ್ಧಕ್ಕಿಂತ ಹೆಚ್ಚು ಊರುಗಳು ಇದನ್ನು ಒಪ್ಪಿವೆ. ಹೀಗೆ ಉಳಿಸಿದ ನೆಲವನ್ನು ಮುಂದೆ ಬೇರೆ ಉಪಯೋಗಕ್ಕೆ ತಿರುಗಿಸಬೇಕಾದರೆ, 1972ರ ರಾಜ್ಯ ಸಂವಿಧಾನ ತಿದ್ದುಪಡಿಯಂತೆ, ರಾಜ್ಯ ಶಾಸನಸಭೆಯ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಬಹುಮತ ಬೇಕು.

ದೂರು ಇಲ್ಲದಿಲ್ಲ

ಮನೆಯ ಬೆಲೆ ಆಕಾಶಕ್ಕೇರಿದ ರಾಜ್ಯ ಇದು. ಸಮೀಕ್ಷೆ, ತಜ್ಞರ ವರದಿ, ತಿಂಗಳುಗಳ ಕಾಯುವಿಕೆ ಸೇರಿ ಸಣ್ಣ ಕೆಲಸದ ಖರ್ಚೂ ಏರುತ್ತದೆ. ಊರೂರಿಗೆ ಉಪನಿಯಮ ಬೇರೆ. ಬಡವರ ಮನೆ ಬಾರದಂತೆ ತಡೆಯಲು ಕೆಲವರು ಸಲಮಾಂಡರನ್ನು ನೆಪ ಮಾಡಿಕೊಳ್ಳುತ್ತಾರೆ ಎಂಬ ಆರೋಪದಲ್ಲೂ ಸತ್ಯವಿದೆ. ಅದಕ್ಕೇ ಕೈಗೆಟಕುವ ವಸತಿಯ ವಿಶೇಷ ಪರವಾನಗಿಯಲ್ಲಿ ಊರಿನ ಬಿಗಿ ಉಪನಿಯಮವನ್ನು ಸಡಿಲಿಸಲು ಅವಕಾಶವಿದೆ. ರಾಜ್ಯದ ಜೌಗು ಕಾಯ್ದೆಯನ್ನು ಮಾತ್ರ ಸಡಿಲಿಸುವಂತಿಲ್ಲ. ಈ ಸಮತೋಲ ನನಗೆ ಸರಿಯೆನಿಸುತ್ತದೆ. ತಗ್ಗಿನಲ್ಲಿ ಅಗ್ಗದ ಮನೆ ಕಟ್ಟಿ ಬಡವರನ್ನೇ ನೆರೆಗೆ ಒಡ್ಡುವುದು ವಸತಿ ನೀತಿಯಾಗಲಾರದು.

ದೂರುಗಳಿದ್ದರೂ ಇಂಥ ಸ್ಥಳೀಯ ಕಾವಲು ಈಗ ಇನ್ನಷ್ಟು ಬೇಕಾಗಿದೆ. 2023ರ ಮೇ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸ್ಯಾಕೆಟ್ ಪ್ರಕರಣದಲ್ಲಿ, ನದಿ, ಸರೋವರಗಳಂಥ ಕಾಯಂ ನೀರಿಗೆ ಮೇಲ್ಮೈಯಲ್ಲಿ ನಿರಂತರ ಕೂಡಿಕೊಂಡ ಜೌಗಿಗಷ್ಟೇ ಕೇಂದ್ರದ ಶುದ್ಧಜಲ ಕಾಯ್ದೆ ಅನ್ವಯಿಸುತ್ತದೆ ಎಂದಿತು. ಒಂಟಿ ಜೌಗುಗಳ ಮೇಲಿನ ಕೇಂದ್ರದ ನೆರಳು ಸರಿಯಿತು. ಸ್ವಂತ ಕಾನೂನಿಲ್ಲದ ರಾಜ್ಯಗಳಲ್ಲಿ ಅವಕ್ಕೆ ದಿಕ್ಕಿಲ್ಲ. ಮ್ಯಾಸಚುಸೆಟ್ಸ್‌ನಲ್ಲಿ ರಾಜ್ಯದ ಕಾಯ್ದೆ, ಊರಿನ ಉಪನಿಯಮ ಉಳಿದಿವೆ.

ನಮ್ಮ ಮೂವತ್ತು ಮೀಟರು

2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಬೆಂಗಳೂರಿನ ಕೆರೆಗಳ ಸುತ್ತ 75 ಮೀಟರ್ ಮೀಸಲು ಬಿಡಬೇಕೆಂದಿತು. 2019ರ ಮಾರ್ಚ್‌ನಲ್ಲಿ ನಮ್ಮ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ, ನಗರದ ಮಹಾಯೋಜನೆಯಲ್ಲಿದ್ದ 30 ಮೀಟರನ್ನು ಉಳಿಸಿತು. 30 ಮೀಟರ್ ಎಂದರೆ 98 ಅಡಿ, ಹೆಚ್ಚುಕಡಿಮೆ ಮ್ಯಾಸಚುಸೆಟ್ಸ್‌ನ ನೂರು ಅಡಿಯೇ. ನಾವು ವರ್ಷಗಟ್ಟಲೆ ಹೋರಾಡಿದ್ದು ಗೆರೆ ಎಷ್ಟು ದೂರ ಇರಬೇಕು ಎಂದು. ಆ ಗೆರೆಯ ಬಳಿ ಜೆಸಿಬಿ ಬಂದು ನಿಂತ ದಿನ ಕೆರೆಯ ಪಕ್ಕದವರು ಯಾರೆದುರು ಮಾತಾಡಬೇಕು, ಎಷ್ಟು ದಿನದಲ್ಲಿ ಉತ್ತರ ಬರಬೇಕು ಎಂಬುದು ಆ ವಾದದಲ್ಲಿ ಹಿಂದೆ ಬಿತ್ತು.

ನಮ್ಮಲ್ಲಿ ಸ್ಥಳೀಯ ಸಮಿತಿ ಇಲ್ಲವೆಂದಲ್ಲ. 2002ರ ಜೀವವೈವಿಧ್ಯ ಕಾಯ್ದೆಯ 41ನೇ ಸೆಕ್ಷನ್‌ನಂತೆ ಸ್ಥಳೀಯ ಸಂಸ್ಥೆಗೊಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. 2004ರ ನಿಯಮಗಳಲ್ಲಿ ಅಧ್ಯಕ್ಷರ ಜೊತೆ ಆರು ಮಂದಿಯವರೆಗೆ ಇರಬಹುದಿತ್ತು, ಅಂದರೆ ಇಲ್ಲೂ ಏಳು. ಮೂರನೇ ಒಂದು ಭಾಗ ಮಹಿಳೆಯರಿರಬೇಕಿತ್ತು. ಸಮಿತಿಯ ಮುಖ್ಯ ಕೆಲಸ ಊರಿನ ಗಿಡ, ಪ್ರಾಣಿ, ತಳಿ, ನಾಟಿ ಜ್ಞಾನವನ್ನು ಜನತಾ ಜೀವವೈವಿಧ್ಯ ದಾಖಲೆಯಲ್ಲಿ ಬರೆಯುವುದು. ಹಸಿರು ನ್ಯಾಯಮಂಡಳಿ 2020ರ ಜನವರಿ ಕೊನೆಯ ಗಡುವು ಕೊಟ್ಟಾಗ ಕೆಲವೆಡೆ ಹಿರಿಯರನ್ನು ಕೂರಿಸಿಕೊಂಡು ಪ್ರೀತಿಯಿಂದ ಬರೆದರು, ಕೆಲವೆಡೆ ಅವಸರದಲ್ಲಿ ತುಂಬಿದರು. ದೇವನಹಳ್ಳಿ ಬಳಿಯ ನಲ್ಲೂರಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾದದ್ದು ಇದೇ ಕಾಯ್ದೆಯಡಿ. ಆದರೆ ಊರ ಗುಂಡುತೋಪಿನ ಅಂಚಿನಲ್ಲಿ ಮಣ್ಣು ಸುರಿಯುವವರು ಸಮಿತಿಗೆ ಅರ್ಜಿ ಕೊಡಬೇಕಿಲ್ಲ, ಸಮಿತಿ ತಡೆಯುವಂತೆಯೂ ಇಲ್ಲ.

ಇದನ್ನು ಬದಲಿಸಲು ನಾಲ್ಕು ನಿಯಮ ಸಾಕು. ಜೀವವೈವಿಧ್ಯ ದಾಖಲೆಯಲ್ಲಿ ಹೆಸರಿರುವ ಕೆರೆ, ಕಟ್ಟೆ, ಕಾಲುವೆ, ತೋಪುಗಳ ನೂರು ಅಡಿಯೊಳಗೆ ಕೆಲಸ ಮಾಡುವವರು ಮೊದಲು ಸಮಿತಿಗೆ ಅರ್ಜಿ ಕೊಡಬೇಕು. 21 ದಿನದೊಳಗೆ ಊರೆದುರು ವಿಚಾರಣೆ ನಡೆಯಬೇಕು. ತೀರ್ಮಾನಕ್ಕೆ ಕಾರಣ ಬರೆದು ಅದನ್ನು ಆಸ್ತಿಯ ದಾಖಲೆಗೆ ಸೇರಿಸಬೇಕು. ಒಪ್ಪದ ಹತ್ತು ಮಂದಿ ಮೇಲ್ಮನವಿ ಹೋಗುವಂತಿರಬೇಕು. ಕರ್ನಾಟಕದ ಸುಮಾರು ಆರು ಸಾವಿರ ಗ್ರಾಮ ಪಂಚಾಯಿತಿಗಳಿಗೆ ಈ ನಾಲ್ಕು ನಿಯಮ ತರಲು ಹೊಸ ಪ್ರಾಧಿಕಾರ ಬೇಕಾಗಿಲ್ಲ. ಬೇಕಾಗಿರುವುದು ಕಾನೂನಿಗೆ ಒಂದು ತಿದ್ದುಪಡಿ, ಮತ್ತು ಸಮಿತಿಯ ಸದಸ್ಯರಿಗೆ ಮಣ್ಣು, ನೀರು, ನಕ್ಷೆ ಓದುವ ತರಬೇತಿ.